ಪಟ್ಟಿ ಬಾಯಿಪಾಠವಾಗಿದ್ದರೂ ಇಟಲಿಯವರು ಇಂಗ್ಲಿಷ್ ಅನಿಯಮಿತ ಕ್ರಿಯಾಪದಗಳಲ್ಲಿ ಏಕೆ ಎಡವುತ್ತಾರೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ನಿಮ್ಮ ಪತಿ ಉತ್ತರ ಇಟಲಿಯ ಬೆರ್ಗಮೊ ಕಡೆಯವರು, ಮುಂದಿನ ವರ್ಷ ಕೆಲಸಕ್ಕಾಗಿ ಡಬ್ಲಿನ್‌ಗೆ ಹೋಗುವವರು, ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅನಿಯಮಿತ ಕ್ರಿಯಾಪದಗಳ (ಭೂತಕಾಲಕ್ಕೆ 'ಎಡ್' ಹಚ್ಚದೆ 'ಗೋ, ವೆಂಟ್, ಗಾನ್' ಎಂಬಂತೆ ಮೂರು ರೂಪಗಳಲ್ಲಿ ಕಲಿಯುವವು) ಪಟ್ಟಿಯನ್ನು ಈಗಲೂ ತಡವರಿಸದೆ ಒಪ್ಪಿಸುತ್ತಾರೆ, ಆದರೆ ಮಾತಿಗೆ ನಿಂತಾಗ ಎರಡು ವಾಕ್ಯಕ್ಕೊಮ್ಮೆ ತಪ್ಪುತ್ತಾರೆ. ಮನೆಯಲ್ಲಿ ನೀವೇ ಕಲಿಸಬೇಕೆಂದಿರುವುದರಿಂದ ಇನ್ನೂ ಒಳ್ಳೆಯ ಪಟ್ಟಿ ಯಾವುದು ಎಂದು ಕೇಳಿದ್ದೀರಿ. ನಾನು ಟ್ಯೂರಿನ್‌ನಲ್ಲಿ ಕೆಲಸ ಮಾಡುವ ವಯಸ್ಕರಿಗೆ ಸಂಜೆಯ ಹೊತ್ತು ಇಂಗ್ಲಿಷ್ ಕಲಿಸುವವನು. ಆ ಅನುಭವದಿಂದ ಹೇಳುವುದಾದರೆ, ನಿಮ್ಮ ಪತಿಗೆ ಹೊಸ ಪಟ್ಟಿಯ ಅಗತ್ಯವಿಲ್ಲ. ಅವರಿಗೆ ರೂಪಗಳು ಗೊತ್ತಿವೆ. ಎರಡನೆಯ ರೂಪ ಎಲ್ಲಿ, ಮೂರನೆಯ ರೂಪ ಎಲ್ಲಿ ಎಂಬುದನ್ನು ಅವರ ಮಾತೃಭಾಷೆ ಅವರಿಗೆ ಬೇರೆ ರೀತಿಯಲ್ಲಿ ಕಲಿಸಿಬಿಟ್ಟಿದೆ.

ಇಟಲಿಯ ಶಾಲೆಗಳಲ್ಲಿ ಈ ಪಟ್ಟಿಯನ್ನು 'ಪರದಿಗ್ಮಿ' ಎನ್ನುತ್ತಾರೆ. ಲಿಚೇಒ ಎಂದು ಕರೆಯುವ ಪ್ರೌಢಶಾಲೆಗಳಲ್ಲಿ ಲ್ಯಾಟಿನ್ ಕ್ರಿಯಾಪದಗಳ ರೂಪಾವಳಿಯನ್ನು ಒಪ್ಪಿಸುವ ಅಭ್ಯಾಸವಿರುವುದರಿಂದ, ಇಂಗ್ಲಿಷ್ ಕ್ರಿಯಾಪದಗಳನ್ನೂ ಅದೇ ಧಾಟಿಯಲ್ಲಿ ಮೂರು ಕಂಬಸಾಲುಗಳಾಗಿ ಉರುಹೊಡೆಯುತ್ತಾರೆ. ನಮ್ಮ ಕನ್ನಡ ಮಾಧ್ಯಮದ ಶಾಲೆಗಳ 'ಗೋ, ವೆಂಟ್, ಗಾನ್' ರಾಗಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ರಾಗ ನೆನಪಿನಲ್ಲಿ ಉಳಿಯುತ್ತದೆ ನಿಜ, ಆದರೆ ಮಾತಿನ ನಡುವೆ ಒಂದು ರೂಪ ಬೇಕಾದಾಗ ಕಲಿತವರು ರಾಗವನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ, ಅಷ್ಟರಲ್ಲಿ ಎದುರಿಗಿರುವವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ.

ಈಗ ಮುಖ್ಯ ತೊಡಕಿಗೆ ಬರೋಣ. ಉತ್ತರ ಇಟಲಿಯವರು ದಿನನಿತ್ಯದ ಮಾತಿನಲ್ಲಿ ಆಗಿಹೋದ ಸಂಗತಿಯನ್ನು ಹೇಳಲು ಬಹುಮಟ್ಟಿಗೆ ಒಂದೇ ಕಾಲರೂಪವನ್ನು ಬಳಸುತ್ತಾರೆ, ಅದರ ಹೆಸರು ಪಸ್ಸಾತೊ ಪ್ರೊಸ್ಸಿಮೊ. 'ನಾನು ನೋಡಿದೆ' ಎನ್ನಲು ಅವರು 'ಓ ವಿಸ್ತೊ' ಎನ್ನುತ್ತಾರೆ. ಇದರಲ್ಲಿ 'ಓ' ಎಂಬುದು ಇಂಗ್ಲಿಷ್‌ನ 'ಹ್ಯಾವ್'ಗೆ ಸಮನಾದ ಸಹಾಯಕ ಕ್ರಿಯಾಪದ, 'ವಿಸ್ತೊ' ಎಂಬುದು 'ಸೀನ್'ಗೆ ಸಮನಾದ ಭೂತಕೃದಂತ, ಅಂದರೆ ಮೂರನೆಯ ರೂಪ. ರಚನೆ ಎರಡೂ ಭಾಷೆಗಳಲ್ಲಿ ಒಂದೇ ಆಗಿರುವುದರಿಂದ ಅವರ ನಾಲಿಗೆ ಸಹಜವಾಗಿಯೇ 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಎಂದುಬಿಡುತ್ತದೆ. ಇಟಾಲಿಯನ್ನಿನಲ್ಲಿ ಆ ವಾಕ್ಯದಲ್ಲಿ ಯಾವ ದೋಷವೂ ಇಲ್ಲ, ಮೂವತ್ತು ವರ್ಷದ ಹಿಂದಿನ ಮಾತಿಗೂ ಬೆರ್ಗಮೊದಲ್ಲಿ ಅದೇ ರೂಪ ಸಲ್ಲುತ್ತದೆ. ಇಂಗ್ಲಿಷ್‌ನಲ್ಲಿ ಮಾತ್ರ, ಯಾವಾಗ ಎಂಬುದನ್ನು ಹೇಳಿದ ಕೂಡಲೇ 'ಹ್ಯಾವ್' ಬಿದ್ದುಹೋಗಿ 'ಐ ಸಾ ಹಿಮ್ ಯೆಸ್ಟರ್‌ಡೇ' ಆಗಬೇಕು. ಇದರ ಪರಿಣಾಮವೇನೆಂದರೆ, ಇಟಲಿಯ ಕಲಿಕೆದಾರರಿಗೆ ಮೂರನೆಯ ಕಂಬಸಾಲು ಮಾತೃಭಾಷೆಯ ನೆರವಿನಿಂದ ಬೇಗ ಒಗ್ಗುತ್ತದೆ, ಇಂಗ್ಲಿಷ್‌ನಲ್ಲಿ ಹೆಚ್ಚು ಬೇಕಾಗುವ ಎರಡನೆಯ ಕಂಬಸಾಲು ಮಾತ್ರ ಪಟ್ಟಿಯಲ್ಲೇ ಉಳಿದುಹೋಗುತ್ತದೆ.

ಇದರಲ್ಲಿ ಊರಿನ ಪಾತ್ರವೂ ದೊಡ್ಡದು. ಇಟಾಲಿಯನ್ನಿನಲ್ಲಿ ಪಸ್ಸಾತೊ ರೆಮೋತೊ ಎಂಬ ಇನ್ನೊಂದು ಭೂತಕಾಲವಿದೆ. ಅದು ಇಂಗ್ಲಿಷ್‌ನ ಎರಡನೆಯ ರೂಪದಂತೆ ಸಹಾಯಕವಿಲ್ಲದ ಒಂದೇ ಪದ. ಉತ್ತರದಲ್ಲಿ ಅದು ಬರವಣಿಗೆಯಲ್ಲಿ, ಕಥೆ-ಇತಿಹಾಸಗಳಲ್ಲಿ ಮಾತ್ರ ಜೀವಂತವಾಗಿದೆ. ಸಿಸಿಲಿಯಲ್ಲಾದರೆ ಜನ ಬೆಳಗ್ಗೆ ನಡೆದದ್ದನ್ನೂ ಅದರಲ್ಲಿಯೇ ಹೇಳುತ್ತಾರೆ. ಹಾಗಾಗಿ ಅಲ್ಲಿಯ ಪಲೆರ್ಮೊದವರು 'ಐ ಸಾ' ಎನ್ನಲು ಅಷ್ಟು ಕಷ್ಟಪಡುವುದಿಲ್ಲ, ಅವರಿಗೆ ಕಷ್ಟವಾಗುವುದು 'ಹ್ಯಾವ್ ಸೀನ್' ಎಲ್ಲಿ ಬೇಕು ಎಂಬುದು. ಟಸ್ಕನಿಯವರು ಎರಡನ್ನೂ ಬಿಡಿಸಿ ಬಳಸುವುದರಿಂದ ನನ್ನ ಮಟ್ಟಿಗೆ ಅತ್ಯಂತ ಸುಲಭದ ವಿದ್ಯಾರ್ಥಿಗಳು. ಇಟಲಿಯವರಿಗಾಗಿ ಎಂದು ಒಂದೇ ಪಾಠ ಬರೆಯುವ ಪುಸ್ತಕಗಳು ಈ ಭೇದವನ್ನು ಏಕೆ ಗಮನಿಸುವುದಿಲ್ಲವೋ ತಿಳಿಯದು.

ಈ ವಿಷಯದಲ್ಲಿ ನಿಮ್ಮ ಕನ್ನಡದ ಕಿವಿ ನೆರವಿಗೆ ಬರಬಹುದು. 'ಆ ಚಿತ್ರ ನೋಡಿದ್ದೇನೆ' ಎಂಬುದಕ್ಕೂ 'ಕಳೆದ ಭಾನುವಾರ ಆ ಚಿತ್ರ ನೋಡಿದೆ' ಎಂಬುದಕ್ಕೂ ಇರುವ ವ್ಯತ್ಯಾಸ ನಿಮಗೆ ವ್ಯಾಕರಣ ಓದದೆಯೇ ಗೊತ್ತು. ಇಂಗ್ಲಿಷ್‌ನ ಭೇದ ಅದಕ್ಕೆ ಸರಿಸುಮಾರು ಹೊಂದುತ್ತದೆ, ಪೂರ್ತಿಯಾಗಿ ಅಲ್ಲ. ಪತಿಯ ವಾಕ್ಯವೊಂದು ಸಂಶಯ ಹುಟ್ಟಿಸಿದರೆ ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದು ನೋಡಿ, ಯಾವ ರೂಪ ಬೇಕೆಂಬುದು ಬಹಳ ಸಲ ಹೊಳೆಯುತ್ತದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು: ಭಾರತೀಯರ ಇಂಗ್ಲಿಷ್‌ನಲ್ಲಿ 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಎಂಬ ಬಳಕೆ ಸಾಕಷ್ಟು ಕೇಳಿಬರುತ್ತದೆ. ನೀವಿಬ್ಬರೂ ಇಂಗ್ಲಿಷ್‌ನಲ್ಲಿಯೇ ಮಾತನಾಡುವವರಾಗಿದ್ದರೆ, ಅವರ ತಪ್ಪು ನಿಮ್ಮ ಕಿವಿಗೆ ತಪ್ಪೆಂದು ತೋರದೆ ಹೋಗಿರುವ ಸಾಧ್ಯತೆಯೂ ಇದೆ.

ಚಲನೆಯ ಕ್ರಿಯಾಪದಗಳಲ್ಲಿ ಇದಕ್ಕೆ ಇನ್ನೊಂದು ಸುತ್ತು ಸೇರುತ್ತದೆ. ಹೋಗು, ಬಾ, ತಲುಪು, ಹುಟ್ಟು ಮುಂತಾದವುಗಳಿಗೆ ಇಟಾಲಿಯನ್ನಿನಲ್ಲಿ ಸಹಾಯಕವಾಗಿ ಬರುವುದು 'ಇರು' ಧಾತು: 'ಸೊನೊ ಅಂದಾತೊ'. ಇದರಿಂದ 'ಐ ಆಮ್ ಗಾನ್', 'ಐ ಆಮ್ ಅರೈವ್ಡ್' ಎಂಬ ವಾಕ್ಯಗಳು ಹುಟ್ಟುತ್ತವೆ. ಮದ್ದು ಒಂದೇ, 'ಐ ವೆಂಟ್' ಮತ್ತು 'ಐ ಕೇಮ್' ಎಂಬ ಎರಡನ್ನು ಬೇರೆಲ್ಲದಕ್ಕಿಂತ ಮೊದಲು ಗಟ್ಟಿಮಾಡಿಸುವುದು. ಪ್ರಶ್ನೆ ಮತ್ತು ನಿಷೇಧದಲ್ಲಿ 'ಡಿಡ್ ಯು ವೆಂಟ್', 'ಐ ಡಿಡಂಟ್ ಸಾ' ಎನ್ನುವುದು ಇಟಲಿಯಲ್ಲಿಯೂ ಇದೆ, ಬೆಂಗಳೂರಿನಲ್ಲಿಯೂ ಇದೆ. ಕಾಲವನ್ನು 'ಡಿಡ್' ಹೊತ್ತುಕೊಂಡ ಮೇಲೆ ಮುಖ್ಯ ಕ್ರಿಯಾಪದ ಮೊದಲ ರೂಪಕ್ಕೆ ಮರಳುತ್ತದೆ ಎಂಬ ಸಂಗತಿ ಇಟಾಲಿಯನ್ನಿನಲ್ಲಿಯೂ ಕನ್ನಡದಲ್ಲಿಯೂ ಇಲ್ಲದ್ದರಿಂದ ಇಬ್ಬರೂ ಅದನ್ನು ಹೊಸದಾಗಿಯೇ ಕಲಿಯಬೇಕು.

ಇನ್ನು ಯಾವ ಕ್ರಿಯಾಪದ ಅನಿಯಮಿತ, ಯಾವುದು ಅಲ್ಲ ಎಂಬ ಪ್ರಶ್ನೆ. ಇಟಲಿಯವರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ, ಆದರೆ ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಂತೆ ಕಾಣುವುದಿಲ್ಲ. ಇಂಗ್ಲಿಷ್‌ಗೆ ಲ್ಯಾಟಿನ್ ಮತ್ತು ಫ್ರೆಂಚ್ ಮೂಲದಿಂದ ಬಂದ ಕ್ರಿಯಾಪದಗಳು ಹೆಚ್ಚುಕಡಿಮೆ ಎಲ್ಲವೂ ನಿಯಮಿತ. ಅನಿಯಮಿತವಾದವು ಬಹುತೇಕ ಹಳೆಯ ಜರ್ಮಾನಿಕ್ ಮೂಲದ, ಒಂದೇ ಉಸಿರಿನಲ್ಲಿ ಮುಗಿಯುವ ಚಿಕ್ಕ ಪದಗಳು. ಡಿಸೈಡ್, ಡಿವೈಡ್, ಪರ್ಮಿಟ್, ಡಿಸ್ಕ್ರೈಬ್, ಕನ್‌ಕ್ಲೂಡ್ ಇವುಗಳ ಇಟಾಲಿಯನ್ ಬಂಧುಗಳಾದ ದೆಚೀದೆರೆ, ದಿವೀದೆರೆ, ಪೆರ್ಮೆತ್ತೆರೆ, ದೆಸ್ಕ್ರೀವೆರೆ, ಕೊನ್‌ಕ್ಲೂದೆರೆ ಆ ಭಾಷೆಯಲ್ಲಿ ಅನಿಯಮಿತ: ದೆಚೀಸೊ, ದಿವೀಸೊ, ಪೆರ್ಮೆಸ್ಸೊ, ದೆಸ್ಕ್ರಿತ್ತೊ, ಕೊನ್‌ಕ್ಲೂಸೊ. ಇಂಗ್ಲಿಷ್‌ನಲ್ಲಿ ಅವೆಲ್ಲಕ್ಕೂ 'ಎಡ್' ಹಚ್ಚಿದರೆ ಮುಗಿಯಿತು. ಇದಕ್ಕೆ ತಿರುಗುಮುರುಗಾಗಿ, ಇಟಾಲಿಯನ್ನಿನಲ್ಲಿ ಅತ್ಯಂತ ಸರಳವಾಗಿ ನಡೆಯುವ ಮಂಜಾರೆ, ಪೆನ್ಸಾರೆ, ಕೊಂಪ್ರಾರೆ, ಪರ್ಲಾರೆ, ಪೊರ್ತಾರೆ ಇವುಗಳಿಗೆ ಸಮನಾದ ಈಟ್, ಥಿಂಕ್, ಬೈ, ಸ್ಪೀಕ್, ಬ್ರಿಂಗ್ ಇಂಗ್ಲಿಷ್‌ನಲ್ಲಿ ಒಂದೊಂದೂ ವಕ್ರ. ಆದ್ದರಿಂದ ನಿಮ್ಮ ಪತಿಗೆ ಒಂದು ಸೂತ್ರ ಕೊಡಬಹುದು: ಇಂಗ್ಲಿಷ್ ಕ್ರಿಯಾಪದ ನಿಮ್ಮ ಭಾಷೆಯ ಮುಖವನ್ನು ಹೊತ್ತಿದ್ದರೆ ಅದು ಬಹುಶಃ ನಿಯಮಿತ. ಅಪವಾದಗಳು ಬೆರಳೆಣಿಕೆಯಷ್ಟಿವೆ. ಇಟಾಲಿಯನ್ನಿನ ಕೊಸ್ತಾರೆಯ ನೆಂಟನಾದ 'ಕಾಸ್ಟ್' ಬದಲಾಗುವುದೇ ಇಲ್ಲ. ಬೇಟೆಯಾಡು ಎಂಬರ್ಥದ ಕಚ್ಚಾರೆಯ ಮೂಲದಿಂದಲೇ ನಾರ್ಮನ್ ಫ್ರೆಂಚ್ ಮೂಲಕ ಬಂದ 'ಕ್ಯಾಚ್' ಮಾತ್ರ ಇಂಗ್ಲಿಷ್ ನೆಲದಲ್ಲಿ 'ಕಾಟ್' ಎಂದು ರೂಪ ಬದಲಿಸಿಕೊಂಡಿದೆ.

ಈ ಅನುಕೂಲಕ್ಕೆ ಒಂದು ದುಷ್ಪರಿಣಾಮವೂ ಅಂಟಿಕೊಂಡಿದೆ. ಇಟಲಿಯವರು 'ಗೋ ಆನ್' ಎನ್ನಬೇಕಾದಲ್ಲಿ 'ಕಂಟಿನ್ಯೂ', 'ಕೇಮ್ ಇನ್' ಎನ್ನಬೇಕಾದಲ್ಲಿ 'ಎಂಟರ್ಡ್' ಎಂದು ತಮ್ಮ ಭಾಷೆಗೆ ಹತ್ತಿರದ ಪದಗಳನ್ನೇ ಆರಿಸಿಕೊಳ್ಳುತ್ತಾರೆ. ವ್ಯಾಕರಣದಲ್ಲಿ ತಪ್ಪಿಲ್ಲ, ಮಾತು ಸ್ವಲ್ಪ ಕಚೇರಿಯ ಕಾಗದದಂತೆ ಕೇಳಿಸುತ್ತದೆ, ಅಷ್ಟೇ. ಆದರೆ ಹೀಗೆ ಬದಿಗೆ ಸರಿದು ಹೋಗುವುದರಿಂದ ಅನಿಯಮಿತ ಕ್ರಿಯಾಪದಗಳಿಗೆ ಅಭ್ಯಾಸವೇ ಸಿಗುವುದಿಲ್ಲ. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ಬಿ, ಹ್ಯಾವ್, ಡೂ, ಸೇ, ಗೋ, ಗೆಟ್, ಮೇಕ್, ನೋ, ಥಿಂಕ್, ಟೇಕ್, ಸೀ, ಕಮ್ ಎಲ್ಲವೂ ಅನಿಯಮಿತವೇ. ಇದು ಆಕಸ್ಮಿಕವಲ್ಲ. 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಹಳೆಯ ಇಂಗ್ಲಿಷ್‌ನ 177 ಅನಿಯಮಿತ ಕ್ರಿಯಾಪದಗಳ ಜಾಡು ಹಿಡಿದು ಹೋಗಿ, ಅವುಗಳಲ್ಲಿ 98 ಮಾತ್ರ ಇಂದಿಗೂ ಅನಿಯಮಿತವಾಗಿ ಉಳಿದಿವೆ ಎಂದು ತೋರಿಸಿತು. ಬಳಕೆ ಕಡಿಮೆಯಾದಷ್ಟೂ ಕ್ರಿಯಾಪದ ಬೇಗ 'ಎಡ್' ಗುಂಪಿಗೆ ಸೇರುತ್ತದೆ. 'ಹೆಲ್ಪ್' ಎಂಬುದಕ್ಕೆ ಒಂದು ಕಾಲದಲ್ಲಿ 'ಹೋಲ್ಪ್' ಎಂಬ ಭೂತರೂಪವಿತ್ತು. ಕಲಿಯುವವರಿಗೆ ಇದರಿಂದ ಸಿಗುವ ಲಾಭವೆಂದರೆ, ಪಟ್ಟಿಯನ್ನು ಅಕ್ಷರಕ್ರಮದಲ್ಲಿ ಓದುತ್ತ 'ಅರೈಸ್', 'ಅಬೈಡ್'ಗಳಿಂದ ಆರಂಭಿಸುವುದು ವ್ಯರ್ಥವೆಂಬ ಅರಿವು. ಮೇಲಿನ ಹನ್ನೆರಡನ್ನು ಮೊದಲು ಹಿಡಿಯಿರಿ.

ಉಳಿದವುಗಳನ್ನು ಧ್ವನಿಯ ಗುಂಪುಗಳಾಗಿ ಕಲಿಸಿ. ಕನ್ನಡದಲ್ಲಿ ಬರು–ಬಂದ, ತರು–ತಂದ ಒಂದು ಜೋಡಿ. ಕೊಡು–ಕೊಟ್ಟ, ಇಡು–ಇಟ್ಟ, ಬಿಡು–ಬಿಟ್ಟ, ಸುಡು–ಸುಟ್ಟ ಇನ್ನೊಂದು ಗುಂಪು. ಇವನ್ನು ನಾವು ಪಟ್ಟಿಯಿಂದ ಕಲಿಯಲಿಲ್ಲ, ಒಂದು ಬಂದಾಗ ಇನ್ನೊಂದು ಅದರ ಹಿಂದೆಯೇ ಬಂತು. ಇಂಗ್ಲಿಷ್‌ನಲ್ಲಿಯೂ ಹಾಗೆಯೇ ಬ್ರಿಂಗ್, ಥಿಂಕ್, ಬೈ, ಟೀಚ್, ಕ್ಯಾಚ್ ಎಲ್ಲವೂ ಬ್ರಾಟ್, ಥಾಟ್, ಬಾಟ್, ಟಾಟ್, ಕಾಟ್ ಎಂದು ಒಂದೇ ಪ್ರಾಸಕ್ಕೆ ಬಂದು ನಿಲ್ಲುತ್ತವೆ; ಕೀಪ್, ಸ್ಲೀಪ್, ವೀಪ್ ಇವು ಕೆಪ್ಟ್, ಸ್ಲೆಪ್ಟ್, ವೆಪ್ಟ್ ಆಗುತ್ತವೆ; ಕಟ್, ಪುಟ್, ಶಟ್, ಹಿಟ್, ಲೆಟ್ ಕದಲುವುದಿಲ್ಲ, ಮತ್ತು ಹೀಗೆ ಕದಲದೆ ನಿಲ್ಲುವವೆಲ್ಲ ಟಕಾರ ಅಥವಾ ಡಕಾರದಲ್ಲಿಯೇ ಮುಗಿಯುತ್ತವೆ. ಇನ್ನೊಂದು ಸಮಾಧಾನ, ಈ ರೂಪಗಳು ಎಲ್ಲ ಪುರುಷಗಳಿಗೂ ಒಂದೇ. ಇಟಾಲಿಯನ್ನಿನಲ್ಲಿ ನಾನು ಬರೆದೆ 'ಸ್ಕ್ರಿಸ್ಸಿ', ನೀನು ಬರೆದೆ 'ಸ್ಕ್ರಿವೆಸ್ತಿ', ಅವನು ಬರೆದ 'ಸ್ಕ್ರಿಸ್ಸೆ', ನಾವು ಬರೆದೆವು 'ಸ್ಕ್ರಿವೆಮ್ಮೊ' ಎಂದು ವಕ್ರವೂ ನೇರವೂ ಬೆರೆತು ಬರುತ್ತವೆ. ಅದನ್ನು ಅರಗಿಸಿಕೊಂಡವರಿಗೆ 'ರೋಟ್' ಎಂಬ ಒಂದೇ ರೂಪ ಹೆದರಿಕೆ ಹುಟ್ಟಿಸಬೇಕಾಗಿಲ್ಲ.

ಹೆದರಿಕೆ ಇದ್ದರೆ ಅದು ಉಚ್ಚಾರಣೆಯ ಕಡೆಯಿಂದ. ಇಟಾಲಿಯನ್ ಬಹುತೇಕ ಬರೆದಂತೆ ಓದುವ ಭಾಷೆಯಾದ್ದರಿಂದ 'ಥಾಟ್', 'ಟಾಟ್' ಪದಗಳ ನಡುವೆ ಕುಳಿತಿರುವ ಮೂಕ ಅಕ್ಷರಗಳು ಅವರನ್ನು ಕಾಡುತ್ತವೆ. 'ರೀಡ್' ಎಂಬುದರ ಭೂತರೂಪ 'ರೆಡ್' ಆಗಿದ್ದೂ ಬರವಣಿಗೆಯಲ್ಲಿ ಒಂದಿಷ್ಟೂ ಬದಲಾಗದಿರುವುದು ಅವರಿಗೆ ಅನ್ಯಾಯವೆಂದೇ ತೋರುತ್ತದೆ. ಸ್ವರಗಳಲ್ಲಿ ನಮಗಿರುವಂತೆ ಹ್ರಸ್ವ-ದೀರ್ಘಗಳ ಅರ್ಥಭೇದ ಅವರಿಗಿಲ್ಲ, ಹಕಾರವೂ ಇಲ್ಲ. ಹಾಗಾಗಿ 'ಹಿಟ್' ಮತ್ತು 'ಈಟ್' ಅವರ ಬಾಯಲ್ಲಿ ಒಂದಾಗಿಬಿಡಬಹುದು, ಕೇಳುವವರು ಏಟೋ ಊಟವೋ ಎಂದು ಸಂದರ್ಭದಿಂದ ಊಹಿಸಬೇಕು. 'ಸ್ಯಾಂಗ್–ಸಂಗ್', 'ಡ್ರ್ಯಾಂಕ್–ಡ್ರಂಕ್', 'ಬಿಗ್ಯಾನ್–ಬಿಗನ್' ಜೋಡಿಗಳಲ್ಲಿ ಎರಡನೆಯ ರೂಪಕ್ಕೂ ಮೂರನೆಯ ರೂಪಕ್ಕೂ ಇರುವ ಒಂದೇ ಒಂದು ಗುರುತು ಆ ಸ್ವರ, ಮತ್ತು ಆ ಎರಡು ಸ್ವರಗಳೂ ಇಟಾಲಿಯನ್ನಿನಲ್ಲಿ ಇಲ್ಲ. ಇದನ್ನು ಕಾಗದದ ಮೇಲೆ ಕಲಿಸಲಾಗದು, ಕಿವಿಗೆ ಬೀಳಬೇಕು. ಇಟಲಿಯಲ್ಲಿ ವಿದೇಶಿ ಚಿತ್ರ, ಧಾರಾವಾಹಿಗಳನ್ನು ಇಟಾಲಿಯನ್ನಿಗೆ ಡಬ್ ಮಾಡಿಯೇ ತೋರಿಸುವ ರೂಢಿ ಬಲವಾಗಿರುವುದರಿಂದ ಅವರು ಬೆಳೆಯುವಾಗ ಇಂಗ್ಲಿಷ್ ಕೇಳಿದ್ದೇ ಕಡಿಮೆ. ಮನೆಯಲ್ಲಿ ಮೂಲ ಧ್ವನಿಯಲ್ಲಿ ನೋಡುವ ಅಭ್ಯಾಸವನ್ನು ಇಂದೇ ಆರಂಭಿಸಿ.

ಕಲಿಸುವ ಕ್ರಮ ನಾನು ಅನುಸರಿಸುವುದು ಇದು. ಮೊದಲ ಕೆಲವು ವಾರ ಮೂರನೆಯ ಕಂಬಸಾಲನ್ನು ಮುಚ್ಚಿಬಿಡಿ. ಪ್ರತಿ ಕ್ರಿಯಾಪದವನ್ನೂ ಪ್ರಶ್ನೆ, ಉತ್ತರ, ನಿಷೇಧ ಈ ಮೂರರಲ್ಲಿ ಒಟ್ಟಿಗೆ ಆಡಿಸಿ: 'ಡಿಡ್ ಯು ಸೀ ಹರ್?', 'ಐ ಸಾ ಹರ್', 'ಐ ಡಿಡಂಟ್ ಸೀ ಹರ್'. ಉತ್ತರದಲ್ಲಿ ನಿನ್ನೆ, ಹೋದ ವಾರ, ಎರಡು ಗಂಟೆಯ ಹಿಂದೆ ಎಂಬಂತಹ ಕಾಲಸೂಚಕ ಪದವೊಂದು ಕಡ್ಡಾಯವಾಗಿರಲಿ, ಏಕೆಂದರೆ ಎರಡನೆಯ ರೂಪವನ್ನು ಎಳೆದು ತರುವುದು ಆ ಪದವೇ. ಸಂಜೆ ಊಟದ ಹೊತ್ತಿಗೆ ಅವರು ತಮ್ಮ ದಿನವನ್ನು ಇಂಗ್ಲಿಷ್‌ನಲ್ಲಿ ಹೇಳಲಿ; ನೀವು ನಡುವೆ ತಡೆಯದೆ, ಅವರು 'ಹ್ಯಾವ್ ಟೇಕನ್' ಎಂದಲ್ಲಿ 'ಓಹ್, ಯು ಟುಕ್ ದಿ ಟ್ರೈನ್?' ಎಂದು ಸರಿಯಾದ ರೂಪದಲ್ಲಿ ಮರುಪ್ರಶ್ನೆ ಹಾಕಿ. ಎರಡನೆಯ ರೂಪ ತಾನಾಗಿ ಬರತೊಡಗಿದ ಮೇಲೆ ಮೂರನೆಯದನ್ನು ತೆರೆಯಿರಿ, ಆಗಲೂ 'ಸೀನ್', 'ಟೇಕನ್' ಎಂದು ಒಂಟಿಯಾಗಿ ಅಲ್ಲ, 'ಹ್ಯಾವ್ ಸೀನ್', 'ಹ್ಯಾವ್ ಟೇಕನ್' ಎಂದು ಜೋಡಿಯಾಗಿ. ಸಂಶಯ ಬಂದಾಗ ಎರಡನೆಯ ರೂಪಕ್ಕೆ ಒಲಿಯುವಂತೆ ಹೇಳಿ; ಬ್ರಿಟಿಷರು 'ಹ್ಯಾವ್' ಬಯಸುವ ಎಷ್ಟೋ ಕಡೆ ಅಮೆರಿಕನ್ನರು ಎರಡನೆಯ ರೂಪವನ್ನೇ ಬಳಸುವುದರಿಂದ ಆ ಕಡೆಗೆ ತಪ್ಪಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಡಬ್ಲಿನ್‌ಗೆ ಸಂಬಂಧಿಸಿದಂತೆ ಒಂದೆರಡು ಮಾತು. ಐರ್ಲೆಂಡಿನ ಆಡುಮಾತಿನಲ್ಲಿ 'ಐ ಸೀನ್ ಹಿಮ್', 'ಐ ಡನ್ ಇಟ್' ಎಂದು ಮೂರನೆಯ ರೂಪವನ್ನೇ ಭೂತಕಾಲವಾಗಿ ಬಳಸುವವರು ಸಿಗುತ್ತಾರೆ. ಅದು ಅಲ್ಲಿಯ ಆಡುಮಾತಿನ ಒಂದು ರೀತಿ. ಕೇಳಿದಾಗ ಅರ್ಥವಾದರೆ ಸಾಕು, ಕಚೇರಿಯ ಪತ್ರದಲ್ಲಿ ಬರೆಯುವುದು ಬೇಡ. 'ಲರ್ನ್ಟ್–ಲರ್ನ್ಡ್', 'ಬರ್ನ್ಟ್–ಬರ್ನ್ಡ್' ಇವುಗಳಲ್ಲಿ ಎರಡೂ ಸರಿ. 'ಗಾಟನ್' ಎಂಬುದು ಮುಖ್ಯವಾಗಿ ಅಮೆರಿಕದ ಬಳಕೆ, ನಿಮ್ಮ ಪತಿ 'ಗಾಟ್' ಒಂದನ್ನೇ ಎರಡನೆಯ ಮತ್ತು ಮೂರನೆಯ ರೂಪವಾಗಿ ಇಟ್ಟುಕೊಳ್ಳಬಹುದು.