ಫೋಟೊದಲ್ಲಿ ಇರುವುದನ್ನು ಮೊದಲು ನೋಡಿ

ನಮಸ್ಕಾರ,

ನಿಮ್ಮ ‘ಚಿನ್ನದ ಕಾಲದ ಕಾರುಗಳು’ ಲೇಖನವೂ ಅದರ ಜೊತೆ ಕಳಿಸಿದ ನಾಲ್ಕು ಕಪ್ಪು-ಬಿಳುಪು ಫೋಟೊಗಳೂ ಬಂದು ತಲುಪಿವೆ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಕೆಲಸಕ್ಕಿರುವ ನಿಮಗೆ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಆಲ್ಬಮ್ ಸಿಕ್ಕಿತು, ಅದರಿಂದ ಈ ಲೇಖನ ಹುಟ್ಟಿತು ಅಂತ ಬರೆದಿದ್ದೀರಿ. ರ‍್ಯಾಲಿ ಕಾರುಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ತುಂಬಾ ಕಮ್ಮಿ. ಹಾಗಾಗಿ ಆಸೆಯಿಂದಲೇ ಓದಲು ಕೂತೆ. ಆದರೆ ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ.

ಮೊದಲ ಎರಡು ಪುಟ ಪೂರ್ತಿ ಹಂಬಲ. ‘ಆ ಕಾಲವೇ ಬೇರೆ’, ‘ಆ ಎಂಜಿನ್ನಿನ ಸದ್ದು ಇಂದಿಗೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ’. ನಿಮ್ಮ ಪರಿಚಯ ನೋಡಿದರೆ ನೀವು ಹುಟ್ಟಿದ್ದು 1989ರಲ್ಲಿ. ಆ ಸದ್ದು ನಿಮ್ಮ ಕಿವಿಗೆ ಬಿದ್ದಿಲ್ಲ, ಅಲ್ವಾ? ಹುಟ್ಟುವ ಮೊದಲಿನ ಕಾಲದ ಬಗ್ಗೆ ಬರೆಯಬಾರದು ಅಂತ ನಾನು ಹೇಳುತ್ತಿಲ್ಲ. ಖಂಡಿತ ಬರೆಯಬಹುದು. ಆದರೆ ಬೇರೆಯವರ ನೆನಪನ್ನು ನಿಮ್ಮದು ಅಂತ ಬರೆದಾಗ ಓದುಗರಿಗೆ ಅದು ಮೂರನೇ ಸಾಲಿಗೇ ಗೊತ್ತಾಗುತ್ತದೆ. ಆಮೇಲೆ ನೀವು ನಿಜ ಹೇಳಿದರೂ ಅವರು ನಂಬುವುದಿಲ್ಲ. ನಿಮ್ಮ ಹತ್ತಿರ ನೆನಪು ಇಲ್ಲ, ಫೋಟೊ ಇದೆ. ಅದನ್ನೇ ಸರಿಯಾಗಿ ನೋಡಿ.

ಎರಡನೇ ಫೋಟೊ ತಗೊಳ್ಳಿ. ಹಿಮದ ರಸ್ತೆಯಲ್ಲಿ ಮಿನಿ ಎಂಬ ಬ್ರಿಟನ್ನಿನ ಪುಟ್ಟ ಕಾರು, ಬಾಗಿಲ ಮೇಲೆ 52 ಅಂತ ಅಂಕಿ, ನಂಬರ್ ಪ್ಲೇಟಿನಲ್ಲಿ ‘ಎಜೆಬಿ 44ಬಿ’. ನೀವು ಕೆಳಗೆ ‘1964ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಮಿನಿ’ ಅಂತ ಬರೆದಿದ್ದೀರಿ. ಅದು ತಪ್ಪು. ಇದು 1965ರದ್ದು, ಟಿಮೊ ಮ್ಯಾಕಿನೆನ್ ಮತ್ತು ಪಾಲ್ ಈಸ್ಟರ್ ಓಡಿಸಿದ ಕಾರು. ನಿಮ್ಮ ತಪ್ಪು ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಪ್ಲೇಟಿನ ಕೊನೆಯಲ್ಲಿರುವ ‘ಬಿ’ ಅಕ್ಷರ 1964ರಲ್ಲಿ ನೋಂದಣಿಯಾದ ಕಾರಿನದ್ದು. ಆದರೆ ಮಾಂಟೆ ಕಾರ್ಲೊ ನಡೆಯುವುದು ಜನವರಿಯಲ್ಲಿ. ಕಾರನ್ನು ಹಿಂದಿನ ವರ್ಷವೇ ನೋಂದಾಯಿಸಿ, ತಯಾರು ಮಾಡಿ, ಜನವರಿಯಲ್ಲಿ ಓಡಿಸಿದ್ದಾರೆ. 1967ರಲ್ಲಿ ಗೆದ್ದ ಮಿನಿಯೂ ಹಾಗೇ. ಅದರ ಪ್ಲೇಟ್ ‘ಎಲ್‌ಬಿಎಲ್ 6ಡಿ’, ಅಂದರೆ 1966ರ ನೋಂದಣಿ. 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಗೆದ್ದ ಕಾರು ‘33 ಇಜೆಬಿ’. ಅದರಲ್ಲಿ ವರ್ಷದ ಅಕ್ಷರವೇ ಇಲ್ಲ.

ಇನ್ನೂ ಸ್ವಲ್ಪ ನೋಡಿ. ಜೆಬಿ, ಬಿಎಲ್, ಆರ್‌ಎಕ್ಸ್, ಎಂಒ, ಇವೆಲ್ಲ ಬರ್ಕ್‌ಷೈರ್ ಕೌಂಟಿಯ ಅಕ್ಷರಗಳು. ಮಿನಿ, ಆಸ್ಟಿನ್-ಹೀಲಿ ಕಾರುಗಳನ್ನು ಮಾಡುತ್ತಿದ್ದ ಬಿಎಂಸಿ ಕಂಪನಿಯ ರ‍್ಯಾಲಿ ವಿಭಾಗ ಇದ್ದದ್ದು ಆಬಿಂಗ್ಡನ್ ಊರಿನ ಎಂಜಿ ಕಾರ್ಖಾನೆಯಲ್ಲಿ. ಆ ಊರು ಈಗ ಆಕ್ಸ್‌ಫರ್ಡ್‌ಷೈರ್‌ನಲ್ಲಿದೆ, 1974ರವರೆಗೆ ಬರ್ಕ್‌ಷೈರ್‌ನಲ್ಲಿತ್ತು. ಹಾಗಾಗಿ ಆ ಕಾಲದ ರ‍್ಯಾಲಿ ಫೋಟೊದಲ್ಲಿ ಈ ಅಕ್ಷರಗಳಿರುವ ಮಿನಿಯೋ ಹೀಲಿಯೋ ಕಂಡರೆ, ಅದು ಕಂಪನಿಯವರೇ ತಯಾರು ಮಾಡಿದ ಕಾರು ಇರಬಹುದು ಅಂತ ಅನುಮಾನ ಪಡಲು ಕಾರಣ ಸಿಗುತ್ತದೆ. ನಿಮ್ಮ ನಾಲ್ಕನೇ ಫೋಟೊದ ಜಾಗ್ವಾರ್ ಎಕ್ಸ್‌ಕೆ120 ನೋಡಿ, ಪ್ಲೇಟ್ ‘ಎನ್‌ಯುಬಿ 120’. ಯುಬಿ ಲೀಡ್ಸ್ ನಗರದ್ದು. ಓಡಿಸಿದ ಇಯನ್ ಆಪಲ್‌ಯಾರ್ಡ್ ಲೀಡ್ಸ್‌ನಲ್ಲಿ ಜಾಗ್ವಾರ್ ಮಾರುತ್ತಿದ್ದವರು. ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದ ಹೆಂಡತಿ ಪ್ಯಾಟ್, ಜಾಗ್ವಾರ್ ಕಂಪನಿಯ ವಿಲಿಯಂ ಲಯನ್ಸ್ ಅವರ ಮಗಳು. ಒಂದು ತಗಡಿನ ಪ್ಲೇಟಿನಿಂದ ಇಷ್ಟು ಕಥೆ ಹೊರಡುತ್ತದೆ. ನೀವು ಆ ಕಾರಿನ ಬಗ್ಗೆ ಬರೆದದ್ದು ‘ಚಿರತೆಯಂಥ ಚೆಲುವು’ ಅಂತ ಮಾತ್ರ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ಲೇಟ್ ಒಂದೇ ಆದರೂ ಅದರ ಕೆಳಗಿನ ಕಾರು ಅದೇ ಅಂತ ಹೇಳಲಾಗದು. ರ‍್ಯಾಲಿಯಲ್ಲಿ ನುಜ್ಜುಗುಜ್ಜಾದ ಮಿನಿಗೆ ಹೊಸ ಬಾಡಿ ಹಾಕಿ ಹಳೇ ನಂಬರನ್ನೇ ಮುಂದುವರಿಸುವುದು ಆಬಿಂಗ್ಡನ್‌ನಲ್ಲಿ ಮಾಮೂಲಿಯಾಗಿತ್ತು. ಆದ್ದರಿಂದ ‘ಇದೇ ಆ ಕಾರು’ ಅಂತ ಗಟ್ಟಿಯಾಗಿ ಬರೆಯುವ ಮೊದಲು ಬಾಗಿಲ ಮೇಲಿನ ಅಂಕಿ, ದೀಪಗಳ ಜೋಡಣೆ, ಬಾನೆಟ್ ಮೇಲಿನ ರ‍್ಯಾಲಿ ಪ್ಲೇಟ್ ಎಲ್ಲವನ್ನೂ ತಾಳೆ ನೋಡಿ. ಮಾಂಟೆ ಕಾರ್ಲೊ ಗೆದ್ದ ಆ ಮೂರು ಮಿನಿಗಳೂ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಸಂಗ್ರಹದಲ್ಲಿವೆ. ಗೇಡನ್ ನಿಮಗೆ ದೂರವೇನಲ್ಲ. ಬರೆಯುವ ಮೊದಲು ಒಂದು ಸಲ ಹೋಗಿ ಬನ್ನಿ.

ಮಿನಿ ಇರುವ ಆ ಎರಡನೇ ಫೋಟೊಗೆ ಮತ್ತೆ ಬರುತ್ತೇನೆ. ‘ಹಂಸದಂತೆ ತೇಲುತ್ತಿದ್ದ ಕೆಂಪು ಕಾರು’ ಅಂತ ಬರೆದಿದ್ದೀರಿ. ಕೆಂಪು ಅಂತ ಎಲ್ಲೋ ಓದಿರಬೇಕು. ಆ ಮಿನಿಗಳಿಗೆ ಕೆಂಪು ಮೈ, ಬಿಳಿ ಟಾಪ್ ಇದ್ದದ್ದು ನಿಜ. ಆದರೆ ಫೋಟೊದಲ್ಲಿ ಕಾಣುವುದು ಬೂದು ಬಣ್ಣ. ‘ಫೋಟೊದಲ್ಲಿ ಬೂದು, ನಿಜದಲ್ಲಿ ಕೆಂಪು’ ಅಂತ ಬರೆದರೆ ಓದುಗರು ನಿಮ್ಮ ಜೊತೆ ಆ ಫೋಟೊ ನೋಡಲು ಬರುತ್ತಾರೆ. ಹಂಸವನ್ನು ತೆಗೆದುಬಿಡಿ. ಅದರ ಬದಲು ಮುಂದಿನ ಚಕ್ರ ನೋಡಿ. ಕಾರು ಅಡ್ಡಡ್ಡ ಜಾರುತ್ತಿದೆ, ಚಕ್ರ ಮಾತ್ರ ಹೆಚ್ಚು ತಿರುಗಿಲ್ಲ. ಯಾಕೆ? ಮಿನಿಯಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಅಂಥ ಕಾರು ತಿರುವಿನಲ್ಲಿ ಜೋರಾಗಿ ಹೋದರೆ ಮೂತಿ ಹೊರಕ್ಕೆ ಹೋಗುತ್ತದೆ. ಫಿನ್ಲೆಂಡಿನ ಚಾಲಕರು ಬಲಗಾಲನ್ನು ಆಕ್ಸಿಲರೇಟರ್ ಮೇಲೆ ಒತ್ತಿಟ್ಟುಕೊಂಡೇ ಎಡಗಾಲಿನಲ್ಲಿ ಬ್ರೇಕ್ ಒತ್ತುತ್ತಿದ್ದರು. ಹಿಂದಿನ ಚಕ್ರಗಳು ಹಿಡಿತ ಬಿಟ್ಟು ಜಾರುತ್ತವೆ, ಮೂತಿ ತಿರುವಿನ ಒಳಕ್ಕೆ ಬರುತ್ತದೆ. ಮ್ಯಾಕಿನೆನ್, ರೌನೊ ಆಲ್ಟೊನೆನ್ ಇಬ್ಬರೂ ಇದರಲ್ಲಿ ಪಳಗಿದವರು. ಆ ವರ್ಷ ಹಿಮ ಎಷ್ಟು ಜೋರಾಗಿತ್ತೆಂದರೆ, ಹೊರಟ 237 ಕಾರುಗಳಲ್ಲಿ ಕೊನೆ ಮುಟ್ಟಿದ್ದು 35. ಈ ಅಂಕಿಯನ್ನು ಆ ಚಕ್ರದ ಪಕ್ಕ ಇಟ್ಟರೆ ಓದುಗರಿಗೆ ಮ್ಯಾಕಿನೆನ್ ಅವರ ಕೈಚಳಕ ತಾನಾಗಿಯೇ ಅರ್ಥವಾಗುತ್ತದೆ. ನೀವು ‘ಅದ್ಭುತ’ ಅಂತ ಬರೆಯಬೇಕಾಗಿಲ್ಲ. ಆ ಪದ ಲೇಖನದುದ್ದಕ್ಕೂ ಚೆಲ್ಲಾಡಿದೆ, ಎಲ್ಲವನ್ನೂ ತೆಗೆಯಿರಿ.

‘ಮಿನಿ ಸತತ ನಾಲ್ಕು ವರ್ಷ ಗೆದ್ದಿತು’ ಎಂಬ ಸಾಲೂ ನಿಲ್ಲುವುದಿಲ್ಲ. ಗೆದ್ದದ್ದು 1964, 1965 ಮತ್ತು 1967ರಲ್ಲಿ. 1966ರಲ್ಲಿ ಮೊದಲ ಮೂರೂ ಸ್ಥಾನ ಮಿನಿಗಳಿಗೇ ಬಂದಿತ್ತು. ನಾಲ್ಕನೆಯದು ರೋಜರ್ ಕ್ಲಾರ್ಕ್ ಅವರ ಲೋಟಸ್ ಕಾರ್ಟಿನಾ. ಹೆಡ್‌ಲೈಟಿನಲ್ಲಿ ಒಂಟಿ ಫಿಲಮೆಂಟ್ ಬಲ್ಬ್ ಹಾಕಿದ್ದರು, ಡಿಪ್ ಮಾಡುವ ವ್ಯವಸ್ಥೆ ನಿಯಮದಂತಿಲ್ಲ ಅಂತ ಹೇಳಿ ನಾಲ್ಕನ್ನೂ ಹೊರಗೆ ಹಾಕಿದರು. ಗೆಲುವು ಸಿಟ್ರೊಯೆನ್ ಓಡಿಸಿದ ಪೌಲಿ ಟೊಯ್ವೊನೆನ್ ಪಾಲಾಯಿತು. ಇದನ್ನು ನೀವು ಬಿಟ್ಟಿದ್ದೀರಿ, ಬಹುಶಃ ಗೆಲುವಿನ ಕಥೆಗೆ ಕಲೆ ಅಂಟುತ್ತದೆ ಅಂತ. 1964ರ ಗೆಲುವಿನಲ್ಲೂ ಹೀಗೇ ಮಾಡಿದ್ದೀರಿ. ಎಷ್ಟು ಬೇಗ ಓಡಿದರು ಅಂತ ಸಮಯ ಅಳೆಯುವ ವಿಶೇಷ ಹಂತಗಳಲ್ಲಿ ಹಾಪ್‌ಕರ್ಕ್‌ಗಿಂತ ಬೇಗ ಓಡಿದ್ದು ಬೋ ಯುಂಗ್‌ಫೆಲ್ಟ್ ಅವರ ವಿ8 ಎಂಜಿನ್ನಿನ ಫೋರ್ಡ್ ಫಾಲ್ಕನ್. ಎಂಜಿನ್ನಿನ ಅಳತೆ ನೋಡಿ ಸಮಯವನ್ನು ಸರಿದೂಗಿಸುವ ಲೆಕ್ಕ ಇತ್ತು, ಅದರಿಂದ ಮಿನಿ ಮುಂದೆ ಬಂತು. ಇದರಿಂದ ಹಾಪ್‌ಕರ್ಕ್ ಸಣ್ಣವರಾಗುವುದಿಲ್ಲ. ಚಳಿಗಾಲದಲ್ಲಿ ಮಿನ್ಸ್ಕ್‌ನಿಂದ ಹೊರಟು ಅಂಗೈಯಗಲದ ಹತ್ತಿಂಚಿನ ಚಕ್ರಗಳ ಮೇಲೆ ಯೂರೋಪ್ ದಾಟಿ ಬಂದವರು ಅವರು. ಪ್ರೀತಿ ಇರುವ ವಿಷಯದಲ್ಲೇ ಹೀಗೆ ಮುಚ್ಚಿಡುವ ಆಸೆ ಜಾಸ್ತಿ ಆಗುತ್ತದೆ. ಅದನ್ನು ಗೆಲ್ಲಬೇಕು.

ಈಗ ಮೂರನೇ ಫೋಟೊ, ಆಸ್ಟಿನ್-ಹೀಲಿ 3000. ಇಲ್ಲಿ ನನಗೆ ನಿಜವಾಗಿಯೂ ಬೇಜಾರಾಯಿತು. ‘ಪ್ರಸಿದ್ಧ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಅವರ ತಂಗಿ, ಹೆಣ್ಣಾದರೂ ಗಂಡಸರಿಗೆ ಸರಿಸಾಟಿಯಾಗಿ ಓಡಿಸಿದರು’ ಅಂತ ಬರೆದಿದ್ದೀರಿ. ಅವರ ಹೆಸರೇ ಇಲ್ಲ! ಅವರ ಹೆಸರು ಪ್ಯಾಟ್ ಮಾಸ್. ಪಕ್ಕದಲ್ಲಿ ಕೂತವರು ಆನ್ ವಿಸ್ಡಮ್. 1960ರಲ್ಲಿ ಇದೇ ‘ಯುಆರ್‌ಎಕ್ಸ್ 727’ ಕಾರಿನಲ್ಲಿ ಇವರಿಬ್ಬರೂ ಲಿಯೆಜ್-ರೋಮ್-ಲಿಯೆಜ್ ಗೆದ್ದರು. ಮಹಿಳೆಯರ ವಿಭಾಗದ ಬಹುಮಾನವಲ್ಲ, ಇಡೀ ರ‍್ಯಾಲಿ. ಸರಿಯಾದ ನಿದ್ದೆಯಿಲ್ಲದೆ ಹಗಲೂ ರಾತ್ರಿ ಓಡಿಸುವ, ಯೂರೋಪಿನ ಅತಿ ಕಷ್ಟದ ರ‍್ಯಾಲಿಗಳಲ್ಲಿ ಅದೂ ಒಂದು. ಹೀಲಿಯಾದರೋ ನೆಲಕ್ಕೆ ತೀರಾ ಹತ್ತಿರ ಕೂತ ಭಾರದ ಕಾರು. ಎರಡು ವರ್ಷದ ನಂತರ ಇವರೇ ಟ್ಯೂಲಿಪ್ ರ‍್ಯಾಲಿ ಗೆದ್ದು ಮಿನಿಯ ವೇಗದ ಮಾದರಿಯಾದ ಮಿನಿ ಕೂಪರ್‌ಗೆ ಮೊದಲ ಅಂತರರಾಷ್ಟ್ರೀಯ ರ‍್ಯಾಲಿ ಗೆಲುವು ತಂದುಕೊಟ್ಟರು. ಅಂದರೆ ನೀವು ಹಾಡಿ ಹೊಗಳುವ ಮಿನಿ ಕೂಪರ್‌ನ ಗೆಲುವಿನ ಕಥೆ ಶುರುವಾಗುವುದೇ ಇವರಿಂದ. ‘ಹೆಣ್ಣಾದರೂ’ ಎಂಬ ಮಾತು ನಮ್ಮ ಪುಟದಲ್ಲಿ ಬರುವುದಿಲ್ಲ.

ಪಕ್ಕದ ಸೀಟಿನವರನ್ನು ನೀವು ಎಲ್ಲೂ ಹೆಸರಿಸಿಲ್ಲ. ಫೋಟೊದಲ್ಲಿ ಯಾವಾಗಲೂ ಇಬ್ಬರಿದ್ದಾರೆ, ನಿಮ್ಮ ಲೇಖನದಲ್ಲಿ ಒಬ್ಬರೇ. 1964ರಲ್ಲಿ ಹಾಪ್‌ಕರ್ಕ್ ಪಕ್ಕ, 1967ರಲ್ಲಿ ಆಲ್ಟೊನೆನ್ ಪಕ್ಕ ಕೂತವರು ಒಬ್ಬರೇ ವ್ಯಕ್ತಿ, ಹೆನ್ರಿ ಲಿಡನ್. ಎರಡು ಮಾಂಟೆ ಕಾರ್ಲೊ ಗೆಲುವಿನಲ್ಲಿ ಅವರ ಪಾಲಿದೆ. ಮುಂದಿನ ತಿರುವು ಎಷ್ಟು ಕಡಿದು, ಎಲ್ಲಿ ಮಂಜುಗಡ್ಡೆ ಇದೆ ಅಂತ ಕತ್ತಲಲ್ಲಿ, ಕುಲುಕಾಟದಲ್ಲಿ ಓದಿ ಹೇಳುವುದು ಅವರ ಕೆಲಸ. ಮಂಜುಗಡ್ಡೆಯ ವಿವರ ಗುರುತು ಹಾಕಿಕೊಡಲು ಕೆಲವು ಗಂಟೆ ಮೊದಲು ಬೇರೊಂದು ಜೋಡಿ ಅದೇ ರಸ್ತೆಯಲ್ಲಿ ಹೋಗಿ ಬರುತ್ತಿತ್ತು. ಯಾವ ಟೈರ್ ಹಾಕಬೇಕು ಅಂತ ತೀರ್ಮಾನವಾಗುತ್ತಿದ್ದದ್ದು ಅದರ ಮೇಲೆ.

ಇಷ್ಟೆಲ್ಲ ಹೇಳಿದ ಮೇಲೂ ಲೇಖನವನ್ನು ಕೈಬಿಡಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಹನ್ನೊಂದನೇ ಪುಟದ ಒಂದೇ ಒಂದು ಸಾಲು. ‘ನನ್ನ ದೊಡ್ಡಪ್ಪ 1968ರಲ್ಲಿ ಮುಂಬಯಿಯ ಮಾಟುಂಗದ ಉಡುಪಿ ಹೋಟೆಲಿನಲ್ಲಿದ್ದಾಗ ಲಂಡನ್-ಸಿಡ್ನಿ ರ‍್ಯಾಲಿಯ ಕಾರುಗಳನ್ನು ಕಣ್ಣಾರೆ ನೋಡಿದ್ದರಂತೆ, ಗೆದ್ದ ಕಾರೇ ಮೊದಲು ಬಂತಂತೆ.’ ಅಷ್ಟೇ ಬರೆದು ಮತ್ತೆ ಮಾಂಟೆ ಕಾರ್ಲೊಗೆ ಹಾರಿದ್ದೀರಿ. ನಿಮ್ಮ ಲೇಖನ ಇರುವುದು ಇಲ್ಲಿ! ಮಾಂಟೆ ಕಾರ್ಲೊ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಬಂದಿದೆ. ಮುಂಬಯಿಯಲ್ಲಿ ನಿಂತು ಆ ಕಾರುಗಳನ್ನು ನೋಡಿದ ಕುಂದಾಪುರದ ಹುಡುಗನ ಮಾತು ಎಲ್ಲೂ ಬಂದಿಲ್ಲ.

ಆ ವರ್ಷ ನವೆಂಬರ್ 24ರಂದು ಲಂಡನ್ನಿನಿಂದ 98 ಕಾರುಗಳು ಹೊರಟವು. ಟರ್ಕಿ, ಇರಾನ್, ಕಾಬೂಲ್, ದೆಹಲಿ ದಾಟಿ ಮುಂಬಯಿಗೆ ಬಂದವು. ಅಲ್ಲಿಂದ ಚುಸಾನ್ ಎಂಬ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಹೋದವು. ಮುಂಬಯಿಗೆ ಬಂದಾಗ ಅಂಕದ ಲೆಕ್ಕದಲ್ಲಿ ಮುಂದಿದ್ದವರು ಲೋಟಸ್ ಕಾರ್ಟಿನಾದ ರೋಜರ್ ಕ್ಲಾರ್ಕ್. ಕೊನೆಗೆ ಸಿಡ್ನಿಯಲ್ಲಿ ಗೆದ್ದದ್ದು ಆಂಡ್ರ್ಯೂ ಕವನ್ ಮತ್ತು ಜೊತೆಗಾರರ ಹಿಲ್‌ಮನ್ ಹಂಟರ್, ಅದೂ ಮುಂದಿದ್ದ ಲೂಸಿಯನ್ ಬಿಯಾಂಕಿ ಅವರ ಸಿಟ್ರೊಯೆನ್ ಕೊನೆಯ ಹಂತದಲ್ಲಿ ಅಪಘಾತಕ್ಕೆ ಸಿಕ್ಕಿದ ಮೇಲೆ. ಹಾಗಾದರೆ ಮುಂಬಯಿಯಲ್ಲಿ ನಿಂತವರಿಗೆ ಗೆಲ್ಲುವ ಕಾರು ಯಾವುದು ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ. ಮೊದಲು ಬಂದು ನಿಂತ ಕಾರೇ ಮುಂದಿದೆ ಅಂತಲೂ ಅಲ್ಲ. ಕಾರುಗಳು ಒಂದರ ಹಿಂದೆ ಒಂದು ಸಮಯ ಬಿಟ್ಟು ಹೊರಡುತ್ತವೆ, ತಡವಾದದ್ದಕ್ಕೆ ಅಂಕ ಕಳೆಯುತ್ತಾರೆ. ದೊಡ್ಡಪ್ಪ ಆಮೇಲೆ ಪೇಪರಿನಲ್ಲಿ ಓದಿದ್ದು ಕಣ್ಣಿನ ನೆನಪಿಗೆ ಸೇರಿಕೊಂಡಿರಬಹುದು. ಇದನ್ನು ಹೇಳಿ ಅವರನ್ನು ತಿದ್ದಬೇಡಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ದಾಖಲೆ ಹೇಳುವುದನ್ನು ಅದರ ಪಕ್ಕದಲ್ಲೇ ಇಡಿ.

ಅವರನ್ನು ಕೇಳಬೇಕಾದ್ದು ಬೇರೆಯೇ ಇದೆ. ಹೋಟೆಲಿನಿಂದ ರಜೆ ಹೇಗೆ ಸಿಕ್ಕಿತು, ಜೊತೆಗೆ ಯಾರು ಬಂದಿದ್ದರು, ಎಲ್ಲಿ ನಿಂತಿದ್ದರು. ಕಾರುಗಳ ಮೇಲೆ ಎಷ್ಟು ಧೂಳಿತ್ತು, ಒಡೆದ ಗಾಜು ಕಂಡಿತೇ. ಆಗ ನಮ್ಮ ರಸ್ತೆಯಲ್ಲಿ ಇದ್ದದ್ದು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಇವುಗಳ ಪಕ್ಕ ಆ ಕಾರುಗಳು ಹೇಗೆ ಕಂಡವು? ನಿಮಗೊಂದು ವಿಷಯ ಕೊಡುತ್ತೇನೆ. ಸಿಡ್ನಿಯಲ್ಲಿ ಎರಡನೇ ಸ್ಥಾನ ಬಂದದ್ದು ಅದೇ ಹಾಪ್‌ಕರ್ಕ್ ತಂಡದ ಆಸ್ಟಿನ್ 1800. ಅದರ ಎಂಜಿನ್ನೂ ಆಗಿನ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನೂ ಬಿಎಂಸಿಯ ಬಿ ಸೀರೀಸ್ ಎಂಬ ಒಂದೇ ಮನೆತನದವು. ದೊಡ್ಡಪ್ಪನ ಗೆಳೆಯರಲ್ಲಿ ಯಾರಾದರೂ ಮೆಕ್ಯಾನಿಕ್ ಇದ್ದರೆ ಬಾನೆಟ್ ಎತ್ತಿದ ಕೂಡಲೇ ಗುರುತು ಹಿಡಿಯುತ್ತಿದ್ದರು. ಮತ್ತೆ, ಗೆದ್ದ ಹಿಲ್‌ಮನ್ ನಿಮ್ಮ ಕಾವೆಂಟ್ರಿಯದ್ದು. ದೊಡ್ಡಪ್ಪ ನೋಡಿದ ಕಾರಿನ ಊರಲ್ಲಿ ನೀವು ಈಗ ಬದುಕುತ್ತಿದ್ದೀರಿ. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ!

ಆಲ್ಬಮ್ಮಿನ ಫೋಟೊಗಳ ಬಗ್ಗೆ ಒಂದು ಮಾತು. ಕಾಗದದ ಪ್ರತಿ ಕೊಂಡಿರಿ ಎಂದ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ನಿಮ್ಮದಾಗುವುದಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಫೋಟೊ ತೆಗೆದವರು ತೀರಿಕೊಂಡು 70 ವರ್ಷ ಆಗುವವರೆಗೆ ಹಕ್ಕು ಅವರ ಕಡೆಯವರದ್ದೇ. ಪ್ರತಿಗಳ ಹಿಂಬದಿಯಲ್ಲಿ ರಬ್ಬರ್ ಸ್ಟಾಂಪ್ ಇದೆಯೇ ನೋಡಿ. ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಕಳಿಸಿ, ಅನುಮತಿ ಕೇಳುವ ಕೆಲಸ ನಾವು ನೋಡಿಕೊಳ್ಳುತ್ತೇವೆ. ಸಿಗದಿದ್ದರೆ ಫೋಟೊ ಇಲ್ಲದೆಯೂ ಲೇಖನ ನಿಲ್ಲುವ ಹಾಗೆ ಬರೆಯಿರಿ.

ದೊಡ್ಡಪ್ಪ ಈಗ ಕುಂದಾಪುರದಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ ಅಂತ ಬರೆದಿದ್ದೀರಿ. ಫೋನಿನಲ್ಲಿ ಕೇಳಿದರೆ ಆಗದು. ಮುಂದಿನ ಸಲ ಊರಿಗೆ ಬಂದಾಗ ಎದುರು ಕೂತು ಕೇಳಿ, ಅವರನ್ನು ಕೇಳಿಕೊಂಡೇ ರೆಕಾರ್ಡ್ ಮಾಡಿ. ಈ ಫೋಟೊಗಳನ್ನು ಅವರಿಗೂ ತೋರಿಸಿ. ಅವರು ಕುಂದಾಪ್ರ ಕನ್ನಡದಲ್ಲಿ ಹೇಳಿದರೆ ಆ ಮಾತುಗಳನ್ನು ಹಾಗೇ ಕಳಿಸಿ, ನಾನು ಒಂದಕ್ಷರವನ್ನೂ ಮುಟ್ಟುವುದಿಲ್ಲ.