ಅಮ್ಮನ್ನ ಮಂದ್‌ಗೆ (ಊರ ಹಬ್ಬದ ಮೈದಾನಕ್ಕೆ) ಕರ್ಕೊಂಡು ಹೋದ್ರೆ ಆಯಸ್ಸು ಜಾಸ್ತಿ ಆಗುತ್ತಾ?

ಪ್ರಶ್ನೆ: ಅಮ್ಮಂಗೆ 67. ಅಪ್ಪ ತೀರ್ಕೊಂಡ ಮೇಲೆ ಮನೆ, ತೋಟ, ಟೀವಿ ಅಷ್ಟೇ, ಹುತ್ತರಿ ಹಬ್ಬದ ಕೋಲಾಟ ನೋಡೋಕೂ ಬರಲ್ಲ. ಹಾಡು-ಕುಣಿತ ಅಂತ ಓಡಾಡೋರು ಜಾಸ್ತಿ ದಿನ ಬದುಕ್ತಾರಂತೆ, ನಿಜಾನಾ?
– ಓದುಗರು, ವಿರಾಜಪೇಟೆ

ಉತ್ತರ: ಪೂರ್ತಿ ಸುಳ್ಳಲ್ಲ. ಇಂಗ್ಲೆಂಡಲ್ಲಿ 50 ದಾಟಿದ 6,710 ಜನರನ್ನ ಸುಮಾರು 14 ವರ್ಷ ಗಮನಿಸಿದ ಅಧ್ಯಯನ 2019ರಲ್ಲಿ ಬಂತು, ನಾಟಕ, ಮ್ಯೂಸಿಯಂ, ಸಂಗೀತ ಕಚೇರಿ ಅಂತ ಕೆಲವು ತಿಂಗಳಿಗೊಮ್ಮೆಯಾದ್ರೂ ಹೋಗ್ತಿದ್ದವರಲ್ಲಿ, ಎಲ್ಲೂ ಹೋಗದವರಿಗಿಂತ ಸಾವಿನ ಅಪಾಯ ಶೇ. 31 ಕಮ್ಮಿ, ವರ್ಷಕ್ಕೆ ಒಂದೆರಡು ಸಲ ಹೋದವರಲ್ಲೂ ಶೇ. 14 ಕಮ್ಮಿ. ಗಟ್ಟಿಮುಟ್ಟಾಗಿರೋರು, ಕೈಲಿ ಕಾಸಿರೋರೇ ತಾನೇ ಓಡಾಡೋದು ಅಂತೀರಾ? ಅದನ್ನೂ ಲೆಕ್ಕಕ್ಕೆ ತಗೊಂಡೇ ಈ ಅಂಕಿ ಕೊಟ್ಟಿದ್ದಾರೆ, ಆದ್ರೂ ನಾಟಕ ನೋಡಿದ್ದಕ್ಕೇ ಆಯಸ್ಸು ಬಂತು ಅಂತ ಇದ್ರಿಂದ ಸಾಬೀತಾಗಲ್ಲ.

ಅವರೆಲ್ಲ ಬರೀ ನೋಡೋಕೆ ಹೋದವರು, ಹಾಗಾಗಿ ಅಮ್ಮ ಹೆಂಗಸರ ಕುಣಿತ ಉಮ್ಮತ್ತಾಟ್‌ಗೆ ಇಳೀಲೇಬೇಕು ಅಂತೇನಿಲ್ಲ, ಮಂದ್‌ನಲ್ಲಿ ಕೂತು ವಾಲಗ ಕೇಳ್ತಾ ನಾಲ್ಕು ಜನರ ಹತ್ರ ಹರಟೆ ಹೊಡೆದ್ರೂ ಆಯ್ತು. ಬಲವಂತ ಬೇಡ. ನೀವು ಕರೆದ್ರೆ ಬರದೇ ಇರಬಹುದು, ಅವರ ವಾರಗೆಯ ಗೆಳತಿ ಯಾರಾದ್ರೂ ಬಂದು ಕರೀಲಿ (ಮಕ್ಕಳ ಮಾತು ಯಾರು ಕೇಳ್ತಾರೆ!). ಊಟ, ನಿದ್ದೆ ಕೂಡ ಕೆಟ್ಟಿದ್ರೆ ಮಾತ್ರ ಹಬ್ಬಕ್ಕೆ ಕಾಯ್ಬೇಡಿ, ಮೊದ್ಲು ಡಾಕ್ಟರಿಗೆ ತೋರ್ಸಿ.