ಸ್ವಾಬ್ ಪಾಸಿಟಿವ್ ಬಂದ ಮಗುವನ್ನು ಮುಟ್ಟಬಹುದಾ?

ಪ್ರಶ್ನೆ: ನನ್ನ ಎರಡು ವರ್ಷದ ಮಗಳು ನ್ಯುಮೋನಿಯಾ ಆಗಿ ಮಕ್ಕಳ ಐಸಿಯುನಲ್ಲಿದ್ದಾಳೆ. ಮಲದ ಸ್ವಾಬ್‌ನಲ್ಲಿ ಆಂಟಿಬಯೋಟಿಕ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿದೆ ಅಂತ ಬೇರೆ ಕೋಣೆಗೆ ಹಾಕಿದ್ದಾರೆ. ಆದರೆ ಅದಕ್ಕೆ ಔಷಧಿಯನ್ನೇ ಕೊಡುತ್ತಿಲ್ಲ. ಯಾಕೆ? ನಾನು ಅವಳನ್ನು ಮುಟ್ಟಬಹುದಾ?

ಉತ್ತರ: ಖಂಡಿತ ಮುಟ್ಟಿ. ಅವಳಿಗೆ ಈಗ ನಿಮ್ಮ ಕೈ ಬೇಕು. ಎತ್ತಿಕೊಳ್ಳುವುದಾದರೆ ಮಾತ್ರ ಟ್ಯೂಬುಗಳಿರುತ್ತವಲ್ಲ, ನರ್ಸ್ ಸಹಾಯ ಕೇಳಿ. ಮುಟ್ಟುವ ಮುಂಚೆಯೂ ಕೋಣೆಯಿಂದ ಹೊರಡುವಾಗಲೂ ಹ್ಯಾಂಡ್‌ರಬ್ ಹಾಕಿ 20ರಿಂದ 30 ಸೆಕೆಂಡ್ ಕೈ ಉಜ್ಜಿ. ಬೆರಳ ತುದಿ, ಹೆಬ್ಬೆರಳು ಬಿಟ್ಟುಹೋಗುವುದೇ ಜಾಸ್ತಿ. ಡೈಪರ್ ಬದಲಿಸಿದ ಮೇಲಂತೂ ಮರೆಯಬೇಡಿ.

ಇನ್ನು ಔಷಧಿ ವಿಷಯ. ಕ್ಲೆಬ್ಸಿಯೆಲ್ಲಾ ಎಷ್ಟೋ ಜನರ ಕರುಳಿನಲ್ಲಿ ಸುಮ್ನೆ ಇರುತ್ತದೆ. ಇರುವುದು ಬೇರೆ, ಸೋಂಕು ಬೇರೆ. ಅದು ರಕ್ತಕ್ಕೋ ಶ್ವಾಸಕೋಶಕ್ಕೋ ಹೋಗಿ ಕಾಯಿಲೆ ತಂದರೆ ಆಗ ಚಿಕಿತ್ಸೆ ಬೇಕು. ಈಗಲೇ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಖಾಲಿಯಾದ ಜಾಗದಲ್ಲಿ ಇದೇ ಬೆಳೆಯುತ್ತದೆ. ನಿಮ್ಮ ಡಾಕ್ಟರು ಸರಿಯಾಗಿಯೇ ಮಾಡುತ್ತಿದ್ದಾರೆ.

ಬೇರೆ ಕೋಣೆ ಪಕ್ಕದ ಮಕ್ಕಳಿಗಾಗಿ. ನಿಮ್ಮ ಮಗಳದ್ದೇನೂ ತಪ್ಪಿಲ್ಲ. ಐಸಿಯುನಲ್ಲಿ ಇದು ಹೆಚ್ಚಾಗಿ ಕೈಯಿಂದ ಕೈಗೆ ಹೋಗುತ್ತದೆ. ಡಾಕ್ಟರಾಗಿ ನಾನು ದಿನಾ ನೋಡುವುದು ಇದು: ಗ್ಲೌಸ್ ಹಾಕಿದ ಕೈ ಮಗುವನ್ನು ಮುಟ್ಟುತ್ತದೆ, ಅದೇ ಕೈ ಮಾನಿಟರ್ ಗುಂಡಿ ಒತ್ತುತ್ತದೆ, ಆಮೇಲೆ ಡ್ರಿಪ್ ಸರಿಮಾಡುತ್ತದೆ. ಗ್ಲೌಸ್ ಇದೆಯಲ್ಲ ಅನ್ನೋ ಧೈರ್ಯ! ಸಿಂಕಿನ ಪೈಪಿನೊಳಗೂ ಇವು ಅಂಟಿಕೊಂಡು ಬದುಕುತ್ತವೆ. ಅಸಿನೆಟೋಬ್ಯಾಕ್ಟರ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಒಣಗಿದ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಉಳಿಯಬಲ್ಲದು. ಇನ್ನೂ ಕಷ್ಟದ ವಿಷಯ ಅಂದರೆ, ಔಷಧಿ ತಡೆಯುವ ಜೀನನ್ನು ಒಂದು ಬ್ಯಾಕ್ಟೀರಿಯಾ ಪಕ್ಕದ ಇನ್ನೊಂದು ಜಾತಿಗೂ ದಾಟಿಸಬಲ್ಲದು. ಕಾರ್ಬಪೆನೆಮ್ ಗುಂಪಿನ ಪ್ರಬಲ ಔಷಧಿಯೂ ಕೆಲಸ ಮಾಡದಿದ್ದಾಗ, ಪುಟ್ಟ ಮಕ್ಕಳಿಗೆ ಕೊಡಬಹುದಾದ ಔಷಧಿ ಬೆರಳೆಣಿಕೆಯಷ್ಟೇ ಉಳಿಯುತ್ತವೆ.

ನೀವು ಇನ್ನೊಂದು ಕೆಲಸ ಮಾಡಬಹುದು. ದಿನಾ ರೌಂಡ್ಸ್‌ನಲ್ಲಿ ‘ಈ ಲೈನ್ (ರಕ್ತನಾಳಕ್ಕೆ ಹಾಕಿದ ಟ್ಯೂಬು) ಇವತ್ತೂ ಬೇಕಾ?’ ಅಂತ ಕೇಳಿ. ಒಳಗಿರುವ ಪ್ರತಿ ಟ್ಯೂಬೂ ಬ್ಯಾಕ್ಟೀರಿಯಾಕ್ಕೆ ಒಂದು ದಾರಿ. ಯಾರಾದರೂ ಕೈ ಉಜ್ಜದೆ ಬಂದರೆ ಹೇಳಿ, ನಾನೇ ಆಗಿದ್ದರೂ ಸರಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮನೆಗೆ ಹೋದ ಮೇಲೂ ಇದು ತಿಂಗಳುಗಟ್ಟಲೆ ಕರುಳಿನಲ್ಲಿ ಉಳಿಯಬಹುದು. ಅವಳು ಎಲ್ಲರ ಜೊತೆ ಆಡಲಿ, ತೊಂದರೆಯಿಲ್ಲ. ಆದರೆ ಸ್ವಾಬ್ ರಿಪೋರ್ಟ್ ಎತ್ತಿಡಿ. ಮುಂದೆ ಯಾವ ಆಸ್ಪತ್ರೆಗೆ ಸೇರಿಸಿದರೂ ಮೊದಲು ಅದನ್ನೇ ತೋರಿಸಿ.